ಜಗುಲಿಯ ಮಾತು, ಪರದೆಯ ಮಾತು

2011ರ ಫೆಬ್ರುವರಿ. ನಾನಾಗ ಐದನೇ ತರಗತಿ. ಜನಗಣತಿಗೆಂದು ನಮ್ಮೂರಿನ ಶಾಲೆಯ ಟೀಚರೊಬ್ಬರು ಮನೆಗೆ ಬಂದಿದ್ದರು. ಜಗುಲಿಯ ಮೇಲೆ ಕುಳಿತು, ಉದ್ದನೆಯ ಹಾಳೆಯನ್ನು ತೊಡೆಯ ಮೇಲೆ ಹರಡಿಕೊಂಡು ಒಂದೊಂದೇ ಪ್ರಶ್ನೆ ಕೇಳುತ್ತಿದ್ದರು. ‘ಒಟ್ಟು ಎಷ್ಟು ಮಕ್ಕಳು ಹುಟ್ಟಿದ್ದವು ಅಜ್ಜಿ?’ ಎಂದಾಗ ನಮ್ಮಜ್ಜಿ ‘ನಾಕು’ ಎಂದಳು. ‘ಈಗ ಇರೋರು?’ ‘ನಾಕೂ ಅವರೆ.’ ಟೀಚರ್ ಬರೆದುಕೊಂಡರು. ಬಿಸಿಲಿಗೆ ಬಂದವರೆಂದು ಅಮ್ಮ ಮಜ್ಜಿಗೆ ತಂದುಕೊಟ್ಟರು. ಲೋಟ ಕೆಳಗಿಟ್ಟು ಟೀಚರ್ ಇನ್ನೇನು ಏಳಬೇಕು, ಅಷ್ಟರಲ್ಲಿ ಅಜ್ಜಿ ಸೆರಗು ಸರಿಮಾಡಿಕೊಳ್ಳುತ್ತಾ ಹೇಳಿದಳು: ‘ಇನ್ನೊಂದು ಹೆಣ್ಣು ಕೂಸಿತ್ತು ಕಣವ್ವ. ಒಂಬತ್ತು ತಿಂಗಳಿಗೇ ಹೋಯ್ತು. ಅದನ್ನೂ ಬರೀಬೇಕಾ?’

ಟೀಚರ್ ಮತ್ತೆ ಕುಳಿತರು. ಹಾಳೆ ಬಿಚ್ಚಿ ನಾಲ್ಕನ್ನು ಐದು ಮಾಡಿದರು. ಅಂಥದೊಂದು ಮಗು ಇತ್ತೆಂದು ನಮ್ಮ ಮನೆಯ ಎಷ್ಟೋ ಮಂದಿಗೆ ತಿಳಿದದ್ದೇ ಆ ದಿನ.

ಮನೆಮನೆ ಸಮೀಕ್ಷೆಗಳು ಬಾಗಿಲಿನಿಂದ ಫೋನಿಗೆ, ಫೋನಿನಿಂದ ವಿಡಿಯೊ ಪರದೆಗೆ ಸರಿಯುತ್ತಿರುವ ಸುದ್ದಿ ಓದಿದಾಗಲೆಲ್ಲ ನನಗೆ ಆ ಮಜ್ಜಿಗೆಯ ಲೋಟ ನೆನಪಾಗುತ್ತದೆ. ಆ ದಿನ ಟೀಚರ್ ಜಗುಲಿಯ ಬದಲು ಮೊಬೈಲಿನ ಪರದೆಯ ಮೇಲೆ ಬಂದಿದ್ದರೆ ಅಜ್ಜಿ ಐದನೆಯ ಕೂಸಿನ ಮಾತೆತ್ತುತ್ತಿದ್ದಳೇ? ಇದು ಭಾವುಕತೆಯ ಪ್ರಶ್ನೆಯಷ್ಟೇ ಅಲ್ಲ. ಶಿಶು ಮರಣ, ಬಡತನ, ನಿರುದ್ಯೋಗ, ಅಪೌಷ್ಟಿಕತೆ ಕುರಿತ ಸರ್ಕಾರಿ ಅಂಕಿಅಂಶಗಳಲ್ಲಿ ದೊಡ್ಡ ಪಾಲು ಹೀಗೆ ಯಾರೋ ಕೇಳಿ, ಇನ್ಯಾರೋ ಹೇಳಿದ ಮಾತುಗಳಿಂದಲೇ ಹುಟ್ಟುತ್ತವೆ. ಕೇಳುವ ರೀತಿ ಬದಲಾದರೆ ಅಂಕಿಯೂ ಬದಲಾಗುತ್ತದೆ.

ಕೇಳುವವರು ಯಾರು?

ಎದುರಾಎದುರು ಕುಳಿತು ಕೇಳಿದರೆ ಸತ್ಯವೇ ಹೊರಬರುತ್ತದೆ ಎಂದು ನಾವು ಸುಲಭವಾಗಿ ನಂಬುತ್ತೇವೆ. ಆದರೆ ಸಮೀಕ್ಷಾ ಶಾಸ್ತ್ರದ ಹಳೆಯ ಪಾಠಗಳಲ್ಲೊಂದು ಇದಕ್ಕೆ ಎಚ್ಚರಿಕೆ ಕೊಡುತ್ತದೆ. 1914ರಲ್ಲಿ ನ್ಯೂಯಾರ್ಕ್ ನಗರದಲ್ಲಿ ಸುಮಾರು ಎರಡು ಸಾವಿರ ನಿರ್ಗತಿಕರನ್ನು ಸಂದರ್ಶಿಸಲಾಯಿತು. ಅವರು ಈ ಸ್ಥಿತಿಗೆ ಬರಲು ಕಾರಣವೇನೆಂಬುದು ಪ್ರಶ್ನೆಗಳಲ್ಲೊಂದು. ಸಂದರ್ಶಕರಲ್ಲಿ ಒಬ್ಬ ಪಾನನಿಷೇಧದ ಕಟ್ಟಾ ಬೆಂಬಲಿಗ, ಇನ್ನೊಬ್ಬ ಸಮಾಜವಾದಿ. ಮೊದಲನೆಯವನ ಹಾಳೆಗಳಲ್ಲಿ ‘ಕುಡಿತ’ ಎಂಬ ಕಾರಣ ಮತ್ತೆ ಮತ್ತೆ ಕಾಣಿಸಿತು. ಎರಡನೆಯವನ ಹಾಳೆಗಳಲ್ಲಿ ಕಾರ್ಖಾನೆ ಮುಚ್ಚಿದ್ದು, ಕೆಲಸ ಹೋದದ್ದು ಮುಂತಾದ ಆರ್ಥಿಕ ಕಾರಣಗಳು ಹೆಚ್ಚಿದ್ದವು. ಇಬ್ಬರೂ ಮಾತನಾಡಿಸಿದ್ದು ಒಂದೇ ಬಗೆಯ ಜನರನ್ನು. 1929ರಲ್ಲಿ ಇದನ್ನು ಬರೆದು ಪ್ರಕಟಿಸಿದ ಸ್ಟುವರ್ಟ್ ರೈಸ್, ಸಂದರ್ಶಕನ ಒಲವು ಸೋಂಕಿನಂತೆ ಉತ್ತರಿಸುವವನಿಗೂ ಅಂಟುತ್ತದೆ ಎಂದರು.

ನಮ್ಮ ದೇಶದಲ್ಲಿ ಈ ಅಪಾಯವನ್ನು ಬಹು ಬೇಗ ಗುರುತಿಸಿದವರು ಪಿ.ಸಿ. ಮಹಾಲನೋಬಿಸ್. ಬಂಗಾಳದ ಸೆಣಬಿನ ಬೆಳೆಯ ಸಮೀಕ್ಷೆಗಳ ಕಾಲದಲ್ಲೇ ಅವರು ಒಂದು ಉಪಾಯ ಹೂಡಿದರು. ಒಂದೇ ಪ್ರದೇಶದಿಂದ ಎರಡು ಸ್ವತಂತ್ರ ಮಾದರಿಗಳನ್ನು ಆಯ್ದು, ಎರಡು ಬೇರೆ ಬೇರೆ ತಂಡಗಳಿಗೆ ಒಪ್ಪಿಸುವುದು. ಎರಡರ ಫಲಿತಾಂಶ ಹತ್ತಿರ ಹತ್ತಿರ ಬಂದರೆ ಸರಿ. ತೀರಾ ದೂರವಾದರೆ ದೋಷ ಜನರಲ್ಲಿಲ್ಲ, ಕೇಳುವವರಲ್ಲಿದೆ ಎಂದು ಅನುಮಾನಿಸಬೇಕು. 1950ರಲ್ಲಿ ಆರಂಭವಾದ ರಾಷ್ಟ್ರೀಯ ಮಾದರಿ ಸಮೀಕ್ಷೆಯೂ ಇದೇ ಉಪಾಯವನ್ನು ಬಳಸಿಕೊಂಡಿತು.

ನಮ್ಮ ನಾಡಿಗೂ ಈ ಚರಿತ್ರೆಯಲ್ಲಿ ಒಂದು ಪುಟವಿದೆ. 1951–52ರಲ್ಲಿ ವಿಶ್ವಸಂಸ್ಥೆ ಮತ್ತು ಭಾರತ ಸರ್ಕಾರ ಜಂಟಿಯಾಗಿ ಅಂದಿನ ಮೈಸೂರು ರಾಜ್ಯದಲ್ಲಿ ಜನಸಂಖ್ಯಾ ಅಧ್ಯಯನವೊಂದನ್ನು ನಡೆಸಿದವು. ಬೆಂಗಳೂರು ನಗರದಲ್ಲೂ ಹಳ್ಳಿಗಳಲ್ಲೂ ಮನೆಗಳಿಗೆ ಹೋಗಿ ಹುಟ್ಟು, ಸಾವು, ಮದುವೆಯ ವಯಸ್ಸು, ಎಷ್ಟು ಮಕ್ಕಳು ಸಾಕೆಂಬ ಅಭಿಪ್ರಾಯ ಇವನ್ನೆಲ್ಲ ಕೇಳಲಾಯಿತು. 1961ರಲ್ಲಿ ಹೊರಬಂದ ಅದರ ವರದಿ ಜನಸಂಖ್ಯಾ ಶಾಸ್ತ್ರದ ವಿದ್ಯಾರ್ಥಿಗಳಿಗೆ ಇಂದಿಗೂ ಪರಿಚಿತ. ಗಂಡ–ಹೆಂಡತಿಯ ನಡುವೆಯೂ ಆಡದ ಮಾತನ್ನು ಅಪರಿಚಿತರು ಬಾಗಿಲಿಗೆ ಬಂದು ಕೇಳಿದ ಕಾಲವದು.

ಬಾಗಿಲಿನಿಂದ ಪರದೆಗೆ

ಬಾಗಿಲಿಗೆ ಹೋಗುವುದು ದುಬಾರಿ. ಬಸ್ಸು, ಭತ್ಯೆ, ಬೀಗ ಹಾಕಿದ ಮನೆಗೆ ಮತ್ತೆ ಮತ್ತೆ ಅಲೆದಾಟ. ಹೀಗಾಗಿ ಫೋನು ಮನೆಮನೆಗೂ ತಲುಪಿದ ಅಮೆರಿಕದಲ್ಲಿ ಸಮೀಕ್ಷಕರು 1970ರ ದಶಕದಲ್ಲೇ ಅದರತ್ತ ತಿರುಗಿದರು. ಮಿಶಿಗನ್ ವಿಶ್ವವಿದ್ಯಾಲಯದ ರಾಬರ್ಟ್ ಗ್ರೋವ್ಸ್ ಮತ್ತು ರಾಬರ್ಟ್ ಕಾನ್ 1979ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಎರಡೂ ವಿಧಾನಗಳನ್ನು ಹೋಲಿಸಿದರು. ಅನೇಕ ಪ್ರಶ್ನೆಗಳಿಗೆ ಉತ್ತರಗಳು ಹತ್ತಿರ ಹತ್ತಿರವೇ ಬಂದವು. ಆದರೆ ಫೋನಿನಲ್ಲಿ ಮಾತು ಚುರುಕು, ಉತ್ತರ ಚುಟುಕು. ‘ಇನ್ನೇನಾದರೂ ಹೇಳುವುದಿದೆಯೇ?’ ಎಂಬಂಥ ಮುಕ್ತ ಪ್ರಶ್ನೆಗೆ ಮುಖ ನೋಡಿ ಹೇಳಿದಷ್ಟು ಫೋನಿನಲ್ಲಿ ಹೇಳಲಿಲ್ಲ. ಮುಖಾಮುಖಿಯಲ್ಲಿ ಒಂದು ಕ್ಷಣ ಸುಮ್ಮನಿದ್ದರೆ ಅದು ಯೋಚನೆ. ಫೋನಿನಲ್ಲಿ ಸುಮ್ಮನಿದ್ದರೆ ‘ಹಲೋ, ಲೈನ್ ಕಟ್ ಆಯಿತೇ?’

2020ರಲ್ಲಿ ಕೊರೊನಾ ಬಂದು ಬಾಗಿಲುಗಳೇ ಮುಚ್ಚಿಕೊಂಡವು. ಮಾರ್ಚ್‌ನಲ್ಲಿ ನಮ್ಮಲ್ಲಿಯೂ ಉದ್ಯೋಗ ಕುರಿತ ನಿಯತಕಾಲಿಕ ಸಮೀಕ್ಷೆಯ ಕ್ಷೇತ್ರಕಾರ್ಯ ನಿಂತು, ಜೂನ್‌ನಲ್ಲಿ ಮತ್ತೆ ಆರಂಭವಾಯಿತು. ಒಮ್ಮೆ ನೇರವಾಗಿ ಭೇಟಿ ಮಾಡಿದ ಮನೆಗಳಿಂದ ಮುಂದಿನ ಸುತ್ತುಗಳ ವಿವರವನ್ನು ಫೋನಿನಲ್ಲೇ ಪಡೆಯುವ ಕ್ರಮ ಆಗ ಬಹಳ ನೆರವಾಯಿತು. ಪಶ್ಚಿಮದ ದೇಶಗಳು ಇನ್ನೊಂದು ಹೆಜ್ಜೆ ಮುಂದೆ ಹೋಗಿ ವಿಡಿಯೊ ಕರೆಯನ್ನು ಪ್ರಯೋಗಿಸಿದವು. ಫೋನಿನಲ್ಲಿ ಕಳೆದುಹೋಗಿದ್ದ ಮುಖ ಪರದೆಯಲ್ಲಾದರೂ ಮರಳಿ ಸಿಗುತ್ತದಲ್ಲವೇ ಎಂಬುದು ಅವರ ತರ್ಕ.

ಬ್ರಿಟನ್ನಿನಲ್ಲಿ 1958ರ ಮಾರ್ಚ್ ತಿಂಗಳ ಒಂದೇ ವಾರದಲ್ಲಿ ಹುಟ್ಟಿದ ಸುಮಾರು 17,000 ಮಕ್ಕಳನ್ನು ಅವರ ಬದುಕಿನುದ್ದಕ್ಕೂ ಹಿಂಬಾಲಿಸುವ ಪ್ರಸಿದ್ಧ ಅಧ್ಯಯನವಿದೆ. ಅರವತ್ತು ದಾಟಿದ ಆ ‘ಮಕ್ಕಳನ್ನು’ ಕೊರೊನಾ ಕಾಲದಲ್ಲಿ ವಿಡಿಯೊ ಮೂಲಕ ಮಾತನಾಡಿಸಲಾಯಿತು. ಯುರೋಪಿನ ಹಲವು ದೇಶಗಳಲ್ಲಿ ಎರಡು ವರ್ಷಕ್ಕೊಮ್ಮೆ ನಡೆಯುವ ಯುರೋಪಿಯನ್ ಸಾಮಾಜಿಕ ಸಮೀಕ್ಷೆಯೂ ತನ್ನ ಹತ್ತನೇ ಸುತ್ತಿನಲ್ಲಿ, ಮುಖಾಮುಖಿಯ ಜೊತೆಗೆ ವಿಡಿಯೊಗೂ ಅವಕಾಶ ಕೊಟ್ಟಿತು.

ಅಮೆರಿಕದ ರಾಷ್ಟ್ರೀಯ ಚುನಾವಣಾ ಅಧ್ಯಯನದ 2020ರ ಲೆಕ್ಕ ಕುತೂಹಲಕಾರಿ. ಮತದಾನಕ್ಕೆ ಮುಂಚಿನ ಸುತ್ತಿನ 8,280 ಸಂದರ್ಶನಗಳಲ್ಲಿ ವಿಡಿಯೊ ಮೂಲಕ ನಡೆದದ್ದು 359. ಫೋನಿನಲ್ಲಿ 139. ಉಳಿದ 7,782 ಮಂದಿ ಇಂಟರ್ನೆಟ್‌ನಲ್ಲಿ ತಾವೇ ಉತ್ತರ ತುಂಬಿದರು. ಎಲ್ಲರ ಮುಂದೆಯೂ ವಿಡಿಯೊ ಆಯ್ಕೆ ಇಟ್ಟಿರಲಿಲ್ಲ ಎಂಬುದು ನಿಜ. ಆದರೂ ಆರು ದಶಕಗಳಿಂದ ಪರಿಚಯವಿರುವ ಅಧ್ಯಯನ ತಂಡಕ್ಕೆ ಮುಖ ತೋರಿಸುವುದು ಬೇರೆ, ಅಂಚೆಯಲ್ಲಿ ಒಂದು ಪತ್ರ ಕಳಿಸಿದ ಅಪರಿಚಿತರಿಗೆ ತೋರಿಸುವುದು ಬೇರೆ.

ಗಳಿಕೆ ಏನು, ಕಳೆತ ಏನು?

ವಿಡಿಯೊ ಸಂದರ್ಶನದ ಗುಣಮಟ್ಟ ಹೇಗೆ? ಮಿಶಿಗನ್ ವಿಶ್ವವಿದ್ಯಾಲಯದ ಫ್ರೆಡರಿಕ್ ಕಾನ್ರಾಡ್, ನ್ಯೂಯಾರ್ಕ್‌ನ ಮೈಕೆಲ್ ಶೋಬರ್ ಹಾಗೂ ಸಂಗಡಿಗರು 2023ರಲ್ಲಿ ಪ್ರಕಟಿಸಿದ ಪ್ರಯೋಗ ಇದಕ್ಕೆ ಒಂದಿಷ್ಟು ಉತ್ತರ ಕೊಡುತ್ತದೆ. ಅವರು ನೇರ ವಿಡಿಯೊ ಸಂದರ್ಶನವನ್ನು ಇಂಟರ್ನೆಟ್‌ನಲ್ಲಿ ತಾವೇ ತುಂಬುವ ಪ್ರಶ್ನಾವಳಿಯ ಜೊತೆ ಹೋಲಿಸಿದರು. ಮೊದಲೇ ಚಿತ್ರೀಕರಿಸಿಟ್ಟ ಸಂದರ್ಶಕರ ವಿಡಿಯೊ ನೋಡಿ ಉತ್ತರಿಸುವ ಮೂರನೆಯ ವಿಧಾನವೂ ಅದರಲ್ಲಿತ್ತು.

ಎದುರಿಗೆ ಜೀವಂತ ಮನುಷ್ಯ ಕಾಣುತ್ತಿದ್ದಾಗ ಜನ ಹೆಚ್ಚು ಮನಸ್ಸಿಟ್ಟು ಉತ್ತರಿಸಿದರು. ಸಾಲು ಸಾಲು ಪ್ರಶ್ನೆಗಳಿಗೆ ಒಂದೇ ಉತ್ತರವನ್ನು ಗೀಚುತ್ತಾ ಹೋಗುವ ಚಾಳಿ ಕಡಿಮೆಯಾಯಿತು. ಆದರೆ ಹೇಳಿಕೊಳ್ಳಲು ನಾಚಿಕೆಯಾಗುವ ವಿಷಯಗಳಲ್ಲಿ ಮಾತ್ರ ಕತೆ ತಿರುಗಿತು. ಯಾರೂ ನೋಡದಿರುವಾಗ ಒಪ್ಪಿಕೊಂಡಷ್ಟನ್ನು ಜನ ನೇರ ವಿಡಿಯೊದಲ್ಲಿ ಒಪ್ಪಿಕೊಳ್ಳಲಿಲ್ಲ. ಅಂದರೆ ಮುಖವೆಂಬುದು ಎರಡು ಅಲಗಿನ ಕತ್ತಿ. ಅದು ಶ್ರದ್ಧೆಯನ್ನೂ ತರುತ್ತದೆ, ಸಂಕೋಚವನ್ನೂ ತರುತ್ತದೆ. ಈ ಎರಡೂ ಗುಣಗಳಲ್ಲಿ ವಿಡಿಯೊ ಸಂದರ್ಶನ ಮುಖಾಮುಖಿಯ ತಂಗಿಯಂತೆಯೇ ಇದೆ.

ಹಾಗಾದರೆ ಅಕ್ಕ–ತಂಗಿಯರಲ್ಲಿ ವ್ಯತ್ಯಾಸವೇ ಇಲ್ಲವೇ? ಇದೆ. ವಿಡಿಯೊದಲ್ಲಿ ಕಣ್ಣಿಗೆ ಕಣ್ಣು ಸೇರುವುದಿಲ್ಲ. ಕ್ಯಾಮೆರಾ ಪರದೆಯ ಮೇಲಂಚಿನಲ್ಲಿರುವುದರಿಂದ ಮುಖ ನೋಡಿ ಮಾತನಾಡುವವರು ಎದುರಿನವರಿಗೆ ಕೆಳಗೆ ನೋಡಿದಂತೆ ಕಾಣುತ್ತಾರೆ. ಧ್ವನಿ ಅರೆಗಳಿಗೆ ತಡವಾದರೂ ಇಬ್ಬರೂ ಒಟ್ಟಿಗೆ ಮಾತಾಡಿ, ಒಟ್ಟಿಗೆ ನಿಲ್ಲಿಸಿ, ‘ನೀವು ಹೇಳಿ, ನೀವು ಹೇಳಿ’ ಎನ್ನಬೇಕಾಗುತ್ತದೆ. ಮೂಲೆಯ ಪುಟ್ಟ ಚೌಕದಲ್ಲಿ ತಮ್ಮದೇ ಮುಖ ಕಾಣುವುದರಿಂದ ಉತ್ತರಕ್ಕಿಂತ ತಲೆಗೂದಲಿನ ಮೇಲೆ ಗಮನ ಹೋಗುವುದೂ ಉಂಟು. ಇವೆಲ್ಲ ಸಣ್ಣ ತೊಡಕುಗಳು. ದೊಡ್ಡ ತೊಡಕು ಪರದೆಯ ಚೌಕಟ್ಟಿನ ಆಚೆಗಿದೆ.

ಪರದೆಯ ಹಿಂದೆ ನಿಂತವರು

ಜಗುಲಿಯಲ್ಲಿ ಕುಳಿತ ಗಣತಿದಾರರಿಗೆ ಇಡೀ ಮನೆ ಕಾಣುತ್ತದೆ. ಬಾಗಿಲ ಮರೆಯಲ್ಲಿ ಅತ್ತೆ ನಿಂತಿದ್ದಾರೆಯೇ, ಗಂಡ ಪತ್ರಿಕೆ ಓದುವ ನೆಪದಲ್ಲಿ ಕಿವಿ ಇತ್ತ ಕೊಟ್ಟಿದ್ದಾನೆಯೇ ಎಂಬುದು ಗೊತ್ತಾಗುತ್ತದೆ. ಗೊತ್ತಾದರೆ ಪ್ರಶ್ನೆಯನ್ನು ಮುಂದೂಡಬಹುದು. ವಿಡಿಯೊದಲ್ಲಿ ಕಾಣುವುದು ಒಂದು ಮುಖ, ಹಿಂದೊಂದು ಗೋಡೆ. ಫೋನು ಹಿಡಿದುಕೊಂಡವರು ಯಾರು, ಅದರ ಹಿಂದೆ ನಿಂತು ಕಣ್ಣಲ್ಲೇ ಸನ್ನೆ ಮಾಡುತ್ತಿರುವವರು ಯಾರು ಎಂಬುದು ಕೇಳುವವರಿಗೆ ಕಾಣದು.

ಇದು ಎಷ್ಟು ಮುಖ್ಯ ಎಂಬುದಕ್ಕೆ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಒಂದು ನಿಯಮ ನೋಡಿ. ಕೌಟುಂಬಿಕ ಹಿಂಸೆಯ ಪ್ರಶ್ನೆಗಳನ್ನು ಒಂದು ಮನೆಯಲ್ಲಿ ಒಬ್ಬ ಮಹಿಳೆಗೆ ಮಾತ್ರ ಕೇಳುತ್ತಾರೆ. ಕೇಳುವವರೂ ಮಹಿಳೆಯೇ. ಏಕಾಂತ ಸಿಗದಿದ್ದರೆ ಆ ಭಾಗವನ್ನೇ ಕೈಬಿಡಬೇಕು. ಉತ್ತರ ಸಿಗದಿದ್ದರೂ ಚಿಂತೆಯಿಲ್ಲ, ಉತ್ತರಿಸಿದ ತಪ್ಪಿಗೆ ಆಕೆಗೆ ಪೆಟ್ಟು ಬೀಳಬಾರದು ಎಂಬುದು ಇದರ ಹಿಂದಿನ ಕಾಳಜಿ.

ಇದೇ ಸಮೀಕ್ಷೆಯಲ್ಲಿ ಕರ್ನಾಟಕದ ಅಂಕಿಯೊಂದು ಗಮನ ಸೆಳೆಯಿತು. 18ರಿಂದ 49 ವರ್ಷದ ವಿವಾಹಿತ ಮಹಿಳೆಯರಲ್ಲಿ ಗಂಡನಿಂದ ಹಿಂಸೆ ಅನುಭವಿಸಿದ್ದಾಗಿ ಹೇಳಿದವರ ಪ್ರಮಾಣ 2015–16ರ ಸುತ್ತಿನಲ್ಲಿ ಶೇ 20.6 ಇದ್ದದ್ದು, 2019ರ ಸುತ್ತಿನಲ್ಲಿ ಶೇ 44.4ಕ್ಕೆ ಏರಿತ್ತು. ಹಿಂಸೆ ಇಮ್ಮಡಿಯಾಯಿತೋ, ಹೇಳಿಕೊಳ್ಳುವ ಧೈರ್ಯ ಹೆಚ್ಚಿತೋ, ಕೇಳಿದವರು ಹೆಚ್ಚು ನಾಜೂಕಾಗಿ ಕೇಳಿದರೋ, ಎಲ್ಲವೂ ಸೇರಿತೋ ಎಂಬುದನ್ನು ಆ ಅಂಕಿ ತಾನಾಗಿ ಹೇಳುವುದಿಲ್ಲ. ಇಂಥ ಅಂಕಿಯನ್ನು ಪಡೆಯುವ ವಿಧಾನವನ್ನೇ ನಡುವೆ ಬದಲಾಯಿಸಿಬಿಟ್ಟರೆ ಗೊಂದಲ ಇನ್ನಷ್ಟು ಹೆಚ್ಚುತ್ತದೆ. ಹತ್ತು ವರ್ಷದ ಹಿಂದಿನ ಅಳತೆಯನ್ನು ಮೊಳದಲ್ಲಿ ಹಾಕಿ, ಇಂದಿನದನ್ನು ಮೀಟರಿನಲ್ಲಿ ಹಾಕಿ, ಬಟ್ಟೆ ಬೆಳೆಯಿತೇ ಎಂದು ಕೇಳಿದಂತೆ.

ಫೋನು ಮನೆಯದು, ಅವಳದಲ್ಲ

ಈಗ ಎಲ್ಲರ ಮನೆಯಲ್ಲೂ ಸ್ಮಾರ್ಟ್‌ಫೋನ್ ಇದೆಯಲ್ಲ ಎನ್ನಬಹುದು. ಹೌದು, ಕೇಂದ್ರ ಸಾಂಖ್ಯಿಕ ಸಚಿವಾಲಯ 2025ರ ಆರಂಭದಲ್ಲಿ ನಡೆಸಿದ ಸಮೀಕ್ಷೆಯ ಪ್ರಕಾರ ದೇಶದ ಶೇ 85.5ರಷ್ಟು ಮನೆಗಳಲ್ಲಿ ಕನಿಷ್ಠ ಒಂದು ಸ್ಮಾರ್ಟ್‌ಫೋನ್ ಇತ್ತು. ಆದರೆ ಮನೆಯಲ್ಲಿ ಇರುವುದು ಬೇರೆ, ಕೈಯಲ್ಲಿ ಇರುವುದು ಬೇರೆ. 2019–21ರ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ತಾವೇ ಬಳಸುವ ಮೊಬೈಲ್ ಇದೆ ಎಂದ ಮಹಿಳೆಯರು ಶೇ 54. ಒಮ್ಮೆಯಾದರೂ ಇಂಟರ್ನೆಟ್ ಬಳಸಿದ್ದೇವೆ ಎಂದ ಮಹಿಳೆಯರು ಶೇ 33, ಪುರುಷರು ಶೇ 57. ಆನಂತರ ಈ ಅಂತರ ಕಿರಿದಾಗಿರಬಹುದು, ಅಳಿಸಿಹೋಗಿಲ್ಲ. ಫೋನನ್ನು ಮಗನೋ ಗಂಡನೋ ಹಿಡಿದುಕೊಂಡು, ‘ಅಮ್ಮಾ, ಇವರು ಏನೋ ಕೇಳ್ತಾರಂತೆ, ಹೇಳು’ ಎಂದರೆ ಅದು ಯಾರ ಸಂದರ್ಶನ?

ಯಾರನ್ನು ತಲುಪುತ್ತೇವೆ ಎಂಬ ವಿಷಯದಲ್ಲಿ ಎಡವಿದವರ ಕತೆಯನ್ನು ಸಂಖ್ಯಾಶಾಸ್ತ್ರದ ತರಗತಿಗಳಲ್ಲಿ ಇಂದಿಗೂ ಹೇಳುತ್ತಾರೆ. 1936ರ ಅಧ್ಯಕ್ಷೀಯ ಚುನಾವಣೆಗೆ ಮುನ್ನ ಅಮೆರಿಕದ ‘ಲಿಟರರಿ ಡೈಜೆಸ್ಟ್’ ಪತ್ರಿಕೆ ಸುಮಾರು ಒಂದು ಕೋಟಿ ಜನರಿಗೆ ಮತಪತ್ರದ ಮಾದರಿ ಕಳಿಸಿತು. ವಿಳಾಸ ಆಯ್ದದ್ದು ಹೆಚ್ಚಾಗಿ ಫೋನು ಮತ್ತು ಕಾರು ಇದ್ದವರ ಪಟ್ಟಿಗಳಿಂದ. ಇಪ್ಪತ್ತು ಲಕ್ಷಕ್ಕೂ ಹೆಚ್ಚು ಉತ್ತರಗಳು ಬಂದವು. ಲ್ಯಾಂಡನ್ ಗೆಲ್ಲುತ್ತಾರೆ ಎಂದು ಪತ್ರಿಕೆ ಭವಿಷ್ಯ ನುಡಿಯಿತು. ಭಾರಿ ಬಹುಮತದಿಂದ ಗೆದ್ದವರು ರೂಸ್‌ವೆಲ್ಟ್. ಉತ್ತರಗಳ ರಾಶಿ ದೊಡ್ಡದಿದ್ದ ಮಾತ್ರಕ್ಕೆ ಅದರಲ್ಲಿ ಎಲ್ಲರೂ ಇದ್ದಾರೆಂದು ಅರ್ಥವಲ್ಲ.

ಇದರ ಜೊತೆಗೆ ನಮ್ಮ ಕಾಲದ್ದೇ ಆದ ಹೊಸ ಭಯವೊಂದು ಸೇರಿದೆ. ಪೊಲೀಸ್, ಸಿಬಿಐ, ಕಸ್ಟಮ್ಸ್ ಅಧಿಕಾರಿಗಳ ವೇಷದಲ್ಲಿ ವಿಡಿಯೊ ಕರೆ ಮಾಡಿ ಹಣ ಸುಲಿಯುವ ‘ಡಿಜಿಟಲ್ ಅರೆಸ್ಟ್’ ವಂಚನೆಯ ಬಗ್ಗೆ 2024ರ ಅಕ್ಟೋಬರ್‌ನಲ್ಲಿ ಪ್ರಧಾನಿಯವರೇ ತಮ್ಮ ಬಾನುಲಿ ಭಾಷಣದಲ್ಲಿ ಎಚ್ಚರಿಸಬೇಕಾಯಿತು. ಅಂಥ ಬಂಧನ ಕಾನೂನಿನಲ್ಲೇ ಇಲ್ಲ, ಅಪರಿಚಿತ ಕರೆಗೆ ವೈಯಕ್ತಿಕ ವಿವರ ಕೊಡಬೇಡಿ ಎಂದು ಸರ್ಕಾರ ಹೇಳುತ್ತಿದೆ. ಹೀಗಿರುವಾಗ ಇನ್ನೊಬ್ಬ ಅಪರಿಚಿತರು ಪರದೆಯಲ್ಲಿ ಕಾಣಿಸಿಕೊಂಡು, ‘ನಾವು ಸರ್ಕಾರಿ ಸಮೀಕ್ಷೆಯವರು, ತಿಂಗಳ ಆದಾಯ ಎಷ್ಟು?’ ಎಂದರೆ ಜಾಣರು ಕರೆ ಕಡಿದುಹಾಕುತ್ತಾರೆ. ಬಾಗಿಲಿಗೆ ಬಂದ ಟೀಚರನ್ನು ಊರೇ ಬಲ್ಲದು. ಪರದೆಯ ಮೇಲಿನ ಟೀಚರು ನಿಜವಾದವರೆಂದು ಹೇಳುವವರು ಯಾರು?

ಇನ್ನು ಮಾತಿನಿಂದ ತಿಳಿಯಲಾಗದ ಸಂಗತಿಗಳಿವೆ. ಕುಟುಂಬ ಆರೋಗ್ಯ ಸಮೀಕ್ಷೆಯ ತಂಡ ಮಕ್ಕಳ ತೂಕ, ಎತ್ತರ ಅಳೆಯುತ್ತದೆ. 2019–21ರ ಸುತ್ತಿನಲ್ಲಿ ಬೆರಳಿನಿಂದ ಒಂದು ಹನಿ ರಕ್ತ ತೆಗೆದು ರಕ್ತಹೀನತೆಯನ್ನೂ ನೋಡಿತ್ತು. ಅಡುಗೆಮನೆಯ ಚಿಟಿಕೆ ಉಪ್ಪಿಗೆ ದ್ರಾವಣ ಹಾಕಿ ಅಯೋಡಿನ್ ಇದೆಯೇ ಎಂದು ಪರೀಕ್ಷಿಸುತ್ತದೆ. ನೆಲ ಮಣ್ಣಿನದೋ ಸಿಮೆಂಟಿನದೋ ಎಂದು ಕಣ್ಣಾರೆ ಕಂಡು ಬರೆದುಕೊಳ್ಳುತ್ತದೆ. ತಕ್ಕಡಿಯನ್ನು ವಿಡಿಯೊ ಕರೆಯಲ್ಲಿ ಕಳಿಸಲಾಗುವುದಿಲ್ಲ.

ತೆರೆಯದ ಬಾಗಿಲುಗಳು

ಇಷ್ಟು ಹೇಳಿದ ಮೇಲೆ ಇನ್ನೊಂದು ಬದಿಯನ್ನೂ ಹೇಳದಿದ್ದರೆ ನ್ಯಾಯವಲ್ಲ. ಎಲ್ಲ ಬಾಗಿಲುಗಳೂ ತೆರೆಯುವುದಿಲ್ಲ. ಬೆಂಗಳೂರಿನ ಅಪಾರ್ಟ್‌ಮೆಂಟ್ ಗೇಟಿನಲ್ಲಿ ಗುರುತಿನ ಚೀಟಿ ತೋರಿಸಿದರೂ ಕಾವಲುಗಾರ ‘ಮೇಲೆ ಫೋನ್ ಮಾಡಿಸಿ’ ಎನ್ನುತ್ತಾನೆ. ಗಂಡ–ಹೆಂಡತಿ ಇಬ್ಬರೂ ದುಡಿಯುವ ಮನೆಗೆ ಹಗಲೆಲ್ಲ ಬೀಗ. ಇಂಥವರು ರಾತ್ರಿ ಒಂಬತ್ತಕ್ಕೆ ಇಪ್ಪತ್ತು ನಿಮಿಷ ಪರದೆಯ ಮುಂದೆ ಕೂರಲು ಒಪ್ಪಿಯಾರು. ಬಾಗಿಲಿಗೇ ಅಂಟಿಕೊಂಡರೆ ಸಮೀಕ್ಷೆಯಿಂದ ಅನುಕೂಲಸ್ಥರೇ ಕೈಬಿಟ್ಟುಹೋಗುತ್ತಾರೆ. ಪರದೆಗೇ ಅಂಟಿಕೊಂಡರೆ ಬಡವರು.

ಮುಖಾಮುಖಿ ಸಂದರ್ಶನಕ್ಕೆ ತನ್ನದೇ ಆದ ಹಳೆಯ ರೋಗವೂ ಇದೆ. ಬಿಸಿಲಿನಲ್ಲಿ ಅಲೆಯುವ ಬದಲು ಅರಳಿಕಟ್ಟೆಯಲ್ಲಿ ಕುಳಿತು ಹತ್ತು ಮನೆಯ ಹಾಳೆಗಳನ್ನು ತಾನೇ ತುಂಬಿಬಿಡುವ ಸಂದರ್ಶಕ ಎಲ್ಲ ದೇಶಗಳಲ್ಲೂ ಇದ್ದಾನೆ. ಉತ್ತರಿಸುವವರ ಒಪ್ಪಿಗೆ ಪಡೆದು ವಿಡಿಯೊ ಸಂದರ್ಶನವನ್ನು ಮುದ್ರಿಸಿಕೊಂಡರೆ ಇದನ್ನು ಪತ್ತೆಹಚ್ಚುವುದು ಸುಲಭ. ದೂರದ ಕಾಡಂಚಿನ ಊರಿನವರ ಭಾಷೆ ಬಲ್ಲ ಸಂದರ್ಶಕರು ಇನ್ನೊಂದು ಜಿಲ್ಲೆಯಲ್ಲಿದ್ದರೂ ಮಾತನಾಡಿಸಬಹುದು. ಸಿಗ್ನಲ್ ಸಿಕ್ಕರೆ, ಅಷ್ಟೇ.

ಆದ್ದರಿಂದ ಬಾಗಿಲೋ ಪರದೆಯೋ ಎಂದು ಕೇಳುವುದಕ್ಕಿಂತ, ಯಾವ ಪ್ರಶ್ನೆಗೆ ಯಾವುದು ಎಂದು ಕೇಳುವುದು ಮೇಲು. ಮೊದಲ ಭೇಟಿ ಬಾಗಿಲಿನಲ್ಲಿ ನಡೆದು ಮುಖಪರಿಚಯವಾದರೆ, ‘ಕಳೆದ ವಾರ ಎಷ್ಟು ದಿನ ಕೆಲಸವಿತ್ತು?’ ಎಂಬಂಥ ಮುಂದಿನ ಸುತ್ತಿನ ಪ್ರಶ್ನೆಗಳಿಗೆ ಫೋನು, ವಿಡಿಯೊ ಸಾಕು. ತೂಕ, ಎತ್ತರ, ರಕ್ತಪರೀಕ್ಷೆಗೆ ನಡೆದೇ ಹೋಗಬೇಕು. ನಾಚಿಕೆಯ ವಿಷಯಗಳಿಗೆ, ಓದುಬರಹ ಬಲ್ಲವರಾದರೆ, ಬಾಗಿಲಿಗೆ ಹೋದ ಮೇಲೂ ಸಾಧನವನ್ನು ಅವರ ಕೈಗೇ ಕೊಟ್ಟು ಮುಖ ಆಚೆ ತಿರುಗಿಸಿ ಕುಳಿತುಕೊಳ್ಳುವುದು ಒಳ್ಳೆಯದು. ಯಾವ ಉತ್ತರ ಯಾವ ವಿಧಾನದಲ್ಲಿ ಬಂತೆಂದು ದಾಖಲಿಸಿಟ್ಟರೆ, ಮಹಾಲನೋಬಿಸ್ ಎರಡು ತಂಡಗಳನ್ನು ಹೋಲಿಸಿದಂತೆ ನಾಳೆ ಎರಡು ವಿಧಾನಗಳನ್ನೂ ಹೋಲಿಸಬಹುದು.

2027ರ ಜನಗಣತಿಯನ್ನು ಮೊಬೈಲ್ ಆ್ಯಪ್ ಮೂಲಕ ನಡೆಸುವುದಾಗಿಯೂ, ಬಯಸಿದವರು ತಮ್ಮ ವಿವರವನ್ನು ತಾವೇ ತುಂಬಬಹುದೆಂದೂ ಕೇಂದ್ರ ಸರ್ಕಾರ 2025ರಲ್ಲಿ ಪ್ರಕಟಿಸಿತು. ಒಳ್ಳೆಯದೇ. ನಗರದಲ್ಲಿರುವ ನಾನು ಐದು ನಿಮಿಷದಲ್ಲಿ ತುಂಬಿ ಮುಗಿಸಿಯೇನು.

ಅಜ್ಜಿಗೆ ನಾನು ಪ್ರತಿ ಭಾನುವಾರ ವಿಡಿಯೊ ಕರೆ ಮಾಡುತ್ತೇನೆ. ಎಷ್ಟು ಹೇಳಿಕೊಟ್ಟರೂ ಆಕೆ ಫೋನನ್ನು ಕಿವಿಗೇ ಹಿಡಿಯುತ್ತಾಳೆ. ನನಗೆ ಕಾಣುವುದು ಒಂದು ಓಲೆ, ಒಂದಿಷ್ಟು ನರೆಗೂದಲು, ಅದರಾಚೆ ಸೂರಿನ ತೊಲೆ. ಊಟ ಆಯಿತೇ, ಮಳೆ ಬಂತೇ ಎಂಬ ಮಾತುಗಳು ಮುಗಿದರೆ, ‘ಕರೆನ್ಸಿ ಸುಮ್ಮನೆ ಹೋಗ್ತದೆ, ಇಡು ಮಗ’ ಎನ್ನುತ್ತಾಳೆ. ಈ ಹದಿನಾಲ್ಕು–ಹದಿನೈದು ವರ್ಷಗಳಲ್ಲಿ ಆ ಕೂಸಿನ ಹೆಸರೇನಿತ್ತೆಂದು ಕೇಳಬೇಕೆಂದು ಎಷ್ಟೋ ಸಲ ಅಂದುಕೊಂಡಿದ್ದೇನೆ. ಫೋನಿನಲ್ಲಿ ಕೇಳುವ ಮಾತಲ್ಲ ಅದು. ಮುಂದಿನ ಸಲ ಊರಿಗೆ ಹೋದಾಗ ಜಗುಲಿಯ ಮೇಲೆ ಕುಳಿತೇ ಕೇಳಬೇಕು.